ನೆರೆ ಬಂದಾಗ ನೆರೆಯವರು

ಇವತ್ತು ಸಂಜೆ ಮಂಜಗುಣಿಯಲ್ಲಿ ಗಂಗಾವಳಿ ದಡದ ಮೇಲೆ ನಿಂತಿದ್ದೆ. ಭರತದ ಹೊತ್ತು. ಕಡಲು ಹೊಳೆಯನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಇಂಥ ಹೊತ್ತಿಗೇ ಘಟ್ಟದ ಮಳೆನೀರೂ ಇಳಿದು ಬಂದರೆ ಅದಕ್ಕೆ ದಾರಿಯಿಲ್ಲ, ಸೀದಾ ಮನೆಯಂಗಳಕ್ಕೇ ಬರುತ್ತದೆ.

2019ರ ಆಗಸ್ಟ್ ನೆನಪಾಯ್ತು. ಅಂಕೋಲೆಯಲ್ಲಿ ಗಂಗಾವಳಿ ಉಕ್ಕಿತ್ತು. ಕಾರವಾರದ ಕಡೆ ಕದ್ರಾ ಅಣೆಕಟ್ಟಿನ ಗೇಟು ತೆಗೆದು ಕಾಳಿಯೂ ಉಕ್ಕಿತ್ತು. ಕಡಲಿಗೆ ಹೋಗುವ ದೋಣಿಗಳು ಗದ್ದೆ, ತೋಟದ ಮೇಲೆ ಬಂದವು. ನಾನು ದೋಣಿ ಹತ್ತಿದ್ದು ನಮ್ಮ ಅಡುಗೆಮನೆ ಮೆಟ್ಟಿಲಿಂದ! "ಹೆದ್ರಬೇಡ ತಂಗಿ, ಮೊದ್ಲು ಅಮ್ಮನ್ನ ಕೂರ್ಸು" ಅಂತ ಕೈ ಚಾಚಿದ ಮೀನುಗಾರ ಅಣ್ಣನ ಹೆಸರೂ ಕೇಳಿರಲಿಲ್ಲ. ಬಾಳೆಗೊನೆ ಕೈಗೆ ತಾಗುವ ಎತ್ತರದಲ್ಲಿ ತೇಲುತ್ತಾ ಹೋದೆವು. ಭಯದ ಜತೆಗೇ ಎಂಥದೋ ಉಮೇದು. ರಾತ್ರಿ ಗಂಜಿ ಕೇಂದ್ರದಲ್ಲಿ, ವರ್ಷಗಟ್ಟಲೆ ಮಾತು ಬಿಟ್ಟಿದ್ದ ಎರಡು ಮನೆಯವರು ಒಂದೇ ಚಾಪೆಯಲ್ಲಿ ಕೂತು ಉಂಡರು.

ನೆರೆ ಅಂದರೆ ಪ್ರವಾಹ. ನೆರೆ ಅಂದರೆ ಪಕ್ಕದ ಮನೆಯೂ ಹೌದು. ಎರಡಕ್ಕೂ ಒಂದೇ ಶಬ್ದ ಯಾಕೆ ಅಂತ ಆ ರಾತ್ರಿ ನನಗೆ ಅರ್ಥವಾದಂತಾಯ್ತು.

ಅವತ್ತು ನಿಮ್ಮ ಮನೆಬಾಗಿಲಿಗೆ ದೋಣಿ ತಂದವರು ಯಾರು? ನೆನಪಿದ್ದರೆ ಹೇಳಿ.