ಗಲ್ಲಾಪೆಟ್ಟಿಗೆಯ ಕೈಸಾಲ

ರೇಸಿಗೆ ಹೋಗಿ ಮನೆಮಠ ಕಳೆದುಕೊಂಡವರ ಕಥೆ ಎಲ್ಲರಿಗೂ ಗೊತ್ತು. ಕುದುರೆ ಬಾಲಕ್ಕೆ ದುಡ್ಡು ಕಟ್ಟಿದವರು ಸಿನಿಮಾಗಳಲ್ಲೂ ಬಂದುಹೋಗಿದ್ದಾರೆ, ಸಂಸಾರಸ್ಥರ ಬುದ್ಧಿವಾದದಲ್ಲೂ. ಕಿಂಡಿಯ ಒಳಗೆ ಕೂತು ಆ ದುಡ್ಡು ಎಣಿಸಿಕೊಂಡವರ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಕೆಲವು ಸೀಸನ್ ನಾನು ಹಾಗೆ ಒಳಗೆ ಕೂತವನು. ದಕ್ಷಿಣದ ಒಂದು ರೇಸ್ ಮೈದಾನದಲ್ಲಿ ಟೋಟ್ ಕ್ಲರ್ಕ್. ಯಾವ ಊರು, ಯಾವ ಕ್ಲಬ್ಬು ಎನ್ನುವುದು ಬೇಡ.

ರೇಸ್ ಇದ್ದ ದಿನ ಮಾತ್ರ ಕೆಲಸ, ಆ ದಿನಕ್ಕೆ ಮಾತ್ರ ಸಂಬಳ. ಬ್ಯಾಂಕಿನ ಗುಮಾಸ್ತರು, ಹೈಸ್ಕೂಲು ಮೇಷ್ಟ್ರು, ಸರ್ಕಾರಿ ಕಚೇರಿಯ ಎರಡನೇ ದರ್ಜೆ ಸಹಾಯಕರು, ನನ್ನಂಥ ಕಾಲೇಜು ಹುಡುಗರು ಒಂದೇ ಸಾಲಿನಲ್ಲಿ ಕೂರುತ್ತಿದ್ದೆವು. ಬೇಗ ಓಡುವ ಬೆರಳು ಇರಬೇಕು, ಹಳಬನೊಬ್ಬನ ಶಿಫಾರಸು ಇರಬೇಕು, ಅಷ್ಟೇ. ಶನಿವಾರ ಮಧ್ಯಾಹ್ನ ಬ್ಯಾಂಕಿನಲ್ಲಿ ಒಂದು ರೂಪಾಯಿಯ ವ್ಯತ್ಯಾಸಕ್ಕೆ ಲೆಡ್ಜರು ತಿರುವಿ ತಿರುವಿ ನೋಡುವ ಮನುಷ್ಯ ಭಾನುವಾರ ನಮ್ಮ ಪಕ್ಕದ ಕಿಂಡಿಗೆ ಬಂದರೆ ಬೇರೆಯೇ ಆಸಾಮಿ.

ಟೋಟ್ ಅಂದರೆ ಏನು ಅಂತ ಹೇಳಿಬಿಡುವುದು ಒಳ್ಳೆಯದು. ಬುಕ್ಕಿ ತನ್ನ ಬೆಲೆ ತಾನೇ ಕೂಗುತ್ತಾನೆ. ನೀವು ಗೆದ್ದರೆ ಅವನ ಗಂಟಿನಿಂದ ಕೊಡಬೇಕು. ಟೋಟ್‌ನಲ್ಲಿ ಎಲ್ಲರ ಹಣವೂ ಒಂದು ಪೂಲ್‌ಗೆ ಬೀಳುತ್ತದೆ. ಅದರಲ್ಲಿ ಸರ್ಕಾರದ ತೆರಿಗೆ, ಕ್ಲಬ್ಬಿನ ಕಮಿಷನ್ನು ಮುರಿದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಈ ಉಪಾಯ ಹತ್ತೊಂಬತ್ತನೇ ಶತಮಾನದ ಪ್ಯಾರಿಸಿನ ಜೋಸೆಫ್ ಒಲೇರ್ ಎಂಬಾತನದು. ಮುಂದೆ ಮೂಲಾ ರೂಜ್ ನಾಟ್ಯಶಾಲೆ ತೆರೆದವರಲ್ಲಿ ಅವನೂ ಒಬ್ಬ. ಜನ ತಾವಾಗಿಯೇ ಜೇಬು ಬಿಚ್ಚುವ ಜಾಗಗಳು ಅವನಿಗೆ ಚೆನ್ನಾಗಿ ಗೊತ್ತಿದ್ದಂತಿದೆ. ಆಸ್ಟ್ರೇಲಿಯಾದ ಜಾರ್ಜ್ ಜೂಲಿಯಸ್ ಎಂಬ ಎಂಜಿನಿಯರು ಚುನಾವಣೆಯ ಮತ ಎಣಿಸಲು ಒಂದು ಯಂತ್ರ ಯೋಚಿಸಿದ್ದ. ಸರ್ಕಾರ ಬೇಡ ಅಂದಿತು. ಅದನ್ನೇ ತಿದ್ದಿ ಟೋಟ್ ಯಂತ್ರ ಮಾಡಿ 1913ರಲ್ಲಿ ನ್ಯೂಜಿಲೆಂಡಿನ ಎಲರ್ಸ್ಲಿ ಮೈದಾನದಲ್ಲಿ ಕೂರಿಸಿದ. ಅದಾಗಿ ಅರವತ್ತು ವರ್ಷ ಕಳೆದಿದ್ದರೂ ನಮ್ಮ ಕಿಂಡಿಗಳಲ್ಲಿ ಇದ್ದದ್ದು ಅಚ್ಚು ಹಾಕಿದ ಟಿಕೆಟ್ಟಿನ ಕಟ್ಟು, ರಬ್ಬರ್ ಬ್ಯಾಂಡು, ಕಾರ್ಬನ್ ಹಾಳೆ.

ಕಿಂಡಿಯಲ್ಲಿ ಕುದುರೆಯ ನಂಬರಿಗೊಂದು ಕಟ್ಟು. ಪ್ರತಿ ಟಿಕೆಟ್ಟಿಗೂ ಕ್ರಮಸಂಖ್ಯೆ. ಗಂಟೆ ಬಾರಿಸಿದ ಕೂಡಲೇ ಮಾರಾಟ ಬಂದ್. ಯಾವ ಕಟ್ಟು ಯಾವ ಸಂಖ್ಯೆಯಲ್ಲಿ ಶುರುವಾಗಿ ಎಲ್ಲಿಗೆ ನಿಂತಿತು ಎಂದು ಚೀಟಿಯಲ್ಲಿ ಬರೆದರೆ ಓಡುಹುಡುಗನೊಬ್ಬ ಕಿತ್ತುಕೊಂಡು ಓಡುತ್ತಿದ್ದ. ಆ ಲೆಕ್ಕ ರೇಸ್ ರೇಸಿಗೂ ಹೋಗಲೇಬೇಕು, ಇಲ್ಲದಿದ್ದರೆ ಗೆದ್ದ ಟಿಕೆಟ್ಟಿಗೆ ಸಿಗುವ ಡಿವಿಡೆಂಡ್ ಎಷ್ಟು ಎಂದು ಹೇಳಲಾಗದು. ಹಣದ ಲೆಕ್ಕಕ್ಕೆ ಈ ಅವಸರವಿರಲಿಲ್ಲ. ಡ್ರಾಯರು ತುಂಬಿದರೆ ಕಟ್ಟು ಕಟ್ಟಿ ಒಳಕೋಣೆಗೆ ಕಳಿಸುವುದುಂಟು, ಆದರೆ ಟಿಕೆಟ್ಟಿಗೂ ದುಡ್ಡಿಗೂ ತಾಳೆ ನೋಡುತ್ತಿದ್ದದ್ದು ಕೊನೆಯ ರೇಸ್ ಮುಗಿದ ಮೇಲೆ, ಒಂದೇ ಸಲ.

ಮೊದಲ ರೇಸಿನಿಂದ ಆ ತಾಳೆಯವರೆಗೆ ನಾಲ್ಕು ಗಂಟೆ. ಆ ನಾಲ್ಕು ಗಂಟೆಯಲ್ಲೇ ನಮ್ಮವರ ಆಟ.

ಕೆಲಸದ ವೇಳೆ ನೌಕರರು ಬಾಜಿ ಕಟ್ಟಕೂಡದು ಎಂದು ಒಳಗೋಡೆಗೆ ನೋಟೀಸು ಅಂಟಿಸಿದ್ದರು. ಅದರ ಕೆಳಗೆ ಕೂತೇ ಆಡುತ್ತಿದ್ದರು. ಗಂಟೆಗೆ ಸ್ವಲ್ಪ ಮುಂಚೆ, ಸಾಲು ಕರಗುವ ಹೊತ್ತಿಗೆ, ತನಗೆ ಬೇಕಾದ ಕುದುರೆಯ ಐದೋ ಹತ್ತೋ ಟಿಕೆಟ್ ಹರಿದು ಷರಟಿನ ಜೇಬಿಗೆ ಇಳಿಸಿಕೊಳ್ಳುವುದು. ಗಲ್ಲಾಕ್ಕೆ ದುಡ್ಡು ಹಾಕುವ ಮಾತಿಲ್ಲ. ಕುದುರೆ ಬಂದರೆ ಪೇಮೆಂಟ್ ಕಿಂಡಿಯ ಗೆಳೆಯ ಹಿಂದಿನಿಂದಲೇ ಹಣ ದಾಟಿಸುತ್ತಾನೆ, ಅಸಲು ಡ್ರಾಯರಿಗೆ, ಮಿಕ್ಕದ್ದು ಜೇಬಿಗೆ. ಬಾರದಿದ್ದರೆ ಡ್ರಾಯರಿನಲ್ಲಿ ಅಷ್ಟು ಕಡಿಮೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವನು ‘ಶಾರ್ಟ್’. ಇನ್ನೂ ನಾಲ್ಕು ರೇಸ್ ಇದೆಯಲ್ಲ. ಹೋದದ್ದನ್ನು ತರಲು ಎರಡರಷ್ಟು, ಅದೂ ಹೋದರೆ ಅದರ ಎರಡರಷ್ಟು. ಪೂಲ್‌ನಲ್ಲಿ ಹಣವಿದೆ ಎಂದು ಬೋರ್ಡು ಹೇಳುತ್ತಿರುತ್ತದೆ, ಅದರಲ್ಲಿ ಒಂದಿಷ್ಟು ಬರಿಯ ಕ್ರಮಸಂಖ್ಯೆ.

ಶಾರ್ಟ್ ಬಿದ್ದರೆ ಕೈಯಿಂದ ತುಂಬಬೇಕು, ಇದೇ ಕಾನೂನು. ಸಂಜೆಯೇ ತುಂಬಿದರೆ ಯಾರೂ ಏನೂ ಕೇಳರು. ಆಗದಿದ್ದರೆ ಮುಂದಿನ ದಿನಗೂಲಿಗಳಲ್ಲಿ ಮುರಿದುಕೊಳ್ಳುತ್ತಾರೆ. ಕಟ್ಟುನಿಟ್ಟಿನ ನಿಯಮದಂತೆ ಕಾಣುತ್ತದೆ, ನನಗೂ ಮೊದಲು ಹಾಗೇ ಕಂಡಿತ್ತು. ಆದರೆ ಅದನ್ನೇ ಗಲ್ಲಾದ ಮುಂದೆ ಕೂತ ಮನುಷ್ಯನ ಕಣ್ಣಿಂದ ನೋಡಿ: ಜಾಮೀನಿಲ್ಲ, ಅರ್ಜಿಯಿಲ್ಲ, ಬಡ್ಡಿಯಿಲ್ಲ, ಎದುರಿಗೆ ನೋಟಿನ ರಾಶಿ, ತೀರಿಸುವುದು ಕಂತಿನಲ್ಲಿ. ಅಂಥ ಸಾಲ ಯಾವ ಬ್ಯಾಂಕು ಕೊಡುತ್ತದೆ? ನಷ್ಟ ನಮಗಿಲ್ಲ ಎಂದು ಕ್ಲಬ್ಬು ನೆಮ್ಮದಿಯಾಗಿತ್ತು. ನಷ್ಟವಿಲ್ಲದವನು ಪ್ರಶ್ನೆ ಯಾಕೆ ಕೇಳುತ್ತಾನೆ? ಯಾರು ಪ್ರತಿ ವಾರ ಶಾರ್ಟ್ ಬೀಳುತ್ತಾರೆ ಎನ್ನುವುದು ಸೂಪರ್‌ವೈಸರಿಗೆ ಬಾಯಿಪಾಠವಾಗಿತ್ತು. ತುಂಬುವವನೋ ತುಂಬದವನೋ ಎಂಬುದಷ್ಟೇ ಅವರು ಮನುಷ್ಯನನ್ನು ಅಳೆಯುತ್ತಿದ್ದ ಅಳತೆ.

ಕ್ಯಾಂಟೀನಿನ ಮಗ್ಗುಲಲ್ಲಿ ಒಬ್ಬ ನಿಲ್ಲುತ್ತಿದ್ದ. ಕೊನೆಯ ರೇಸ್ ಮುಗಿದು ತಾಳೆ ನೋಡುವ ಮುಂಚಿನ ಅರ್ಧ ಗಂಟೆ ಅವನ ವ್ಯಾಪಾರದ ಹೊತ್ತು. ತೊಂಬತ್ತು ಕೊಟ್ಟು ನೂರು ಬರೆಸಿಕೊಳ್ಳುವುದು, ಮುಂದಿನ ರೇಸ್ ದಿನ ವಾಪಸ್ಸು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರೊಬ್ಬರು ಅವನ ಕಾಯಂ ಗಿರಾಕಿ. ನೂರಕ್ಕೆ ವಾರಕ್ಕೆ ಎಷ್ಟಾದರೆ ವರ್ಷಕ್ಕೆ ಎಷ್ಟು ಎಂದು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿ ತೋರಿಸಬಲ್ಲವರು. ಅವರಿಗೆ ಲೆಕ್ಕ ಬರುತ್ತಿರಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ಜೂಜುಕೋರನಿಗೆ ಗಣಿತ ಗೊತ್ತಿಲ್ಲ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಈ ಮೇಷ್ಟ್ರು ನೆನಪಾಗುತ್ತಾರೆ.

ನಾನು ಆಡುತ್ತಿರಲಿಲ್ಲ. ಸಜ್ಜನಿಕೆಯಿಂದಲ್ಲ, ಕುದುರೆಯ ಬಗ್ಗೆ ನನಗೆ ಕುತೂಹಲವೇ ಇರಲಿಲ್ಲ. ಹಾಗಾಗಿ ನೋಡುವುದಕ್ಕೆ ಪುರುಸೊತ್ತಿತ್ತು. ಗಲ್ಲಾದ ಸಾಲಕ್ಕಿಂತ ಹೇಸಿಗೆ ಹುಟ್ಟಿಸಿದ್ದು ಇನ್ನೊಂದು. ಅಗ್ಗದ ಎನ್‌ಕ್ಲೋಷರಿನ ಪೇಮೆಂಟ್ ಕಿಂಡಿಗೆ ಓದು ಬಾರದ ಮುದುಕನೊಬ್ಬ ಮುದುರಿದ ಟಿಕೆಟ್ ಚಾಚುತ್ತಾನೆ. ಒಳಗಿನವನು ಒಂದು ಕ್ಷಣ ನೋಡಿ ‘ಇದು ಬಂದಿಲ್ಲ ಹೋಗಯ್ಯ’ ಎಂದು ಬುಟ್ಟಿಗೆ ಎಸೆಯುತ್ತಾನೆ. ಸಂಜೆ ಆ ಬುಟ್ಟಿಯಿಂದ ಅದನ್ನು ಹೆಕ್ಕುವವನೂ ಅವನೇ. ಡಿವಿಡೆಂಡಿನ ಚಿಲ್ಲರೆ ಇಲ್ಲ ಎನ್ನುವುದು, ಅವಸರದವನಿಗೆ ಐವತ್ತಕ್ಕೆ ನಲವತ್ತು ಎಣಿಸುವುದು ದಿನವೂ ಇದ್ದದ್ದೇ. ವಿಚಿತ್ರ ಎಂದರೆ ಇದನ್ನು ಮಾಡಿದವರು ಕ್ಲಬ್ಬಿನ ಹಣ ಮುಟ್ಟುವವರನ್ನು ಕಂಡು ಮೂಗು ಮುರಿಯುತ್ತಿದ್ದರು. ಬಾಜಿ ಕಟ್ಟುವ ಪಂಟರ್ ಹೇಗೂ ಕಳೆಯಲಿಕ್ಕೇ ಬಂದವನು, ಹೊಳೆಗೆ ಬಿದ್ದ ಹುಣಸೆಹಣ್ಣಿಗೆ ಲೆಕ್ಕವೇ ಎಂಬುದು ಅವರ ವಾದ. ಅವರ ಪೈಕಿ ಯಾರೂ ಸಿಕ್ಕಿಬೀಳಲಿಲ್ಲ. ಡ್ರಾಯರು ಸರಿಯಿತ್ತಲ್ಲ.

ಇದು ನಮ್ಮ ಕಡೆಯ ಬಡತನದ ಕಥೆ ಎಂದುಕೊಂಡಿದ್ದವನಿಗೆ 2003ರಲ್ಲಿ ನ್ಯೂಯಾರ್ಕಿನ ಸುದ್ದಿ ಓದಿ ಆಶ್ಚರ್ಯವಾಯಿತು. ಬೆಲ್‌ಮಾಂಟ್, ಅಕ್ವಿಡಕ್ಟ್, ಸಾರಟೋಗಾ ಎಂಬ ಮೂರು ದೊಡ್ಡ ಮೈದಾನ ನಡೆಸುವ ನ್ಯೂಯಾರ್ಕ್ ರೇಸಿಂಗ್ ಅಸೋಸಿಯೇಷನ್ ಮೇಲೆ ಆ ವರ್ಷದ ಡಿಸೆಂಬರಿನಲ್ಲಿ ಫೆಡರಲ್ ದೋಷಾರೋಪಣೆಯಾಯಿತು. ಅದಕ್ಕೂ ಮುಂಚೆ ಅದೇ ವರ್ಷ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಟಿಕೆಟ್ ಕಿಂಡಿಗಳ ವ್ಯವಹಾರದ ಮೇಲೆ ಕಟುವಾದ ವರದಿ ಹೊರಡಿಸಿದ್ದರು. ಅಲ್ಲಿಯೂ ಶಾರ್ಟ್ ಬಿದ್ದರೆ ಕ್ಲರ್ಕೇ ತುಂಬಬೇಕು, ಸಂಬಳದಲ್ಲಿ ಮುರಿಯುತ್ತಾರೆ. ಅಲ್ಲಿಯೂ ಗಲ್ಲಾವನ್ನು ಬಡ್ಡಿಯಿಲ್ಲದ ಸಾಲದಂತೆ ಬಳಸುತ್ತಿದ್ದರು. ಅವರು ನಮ್ಮವರಿಗಿಂತ ಒಂದು ಹೆಜ್ಜೆ ಮುಂದೆ: ಬೇಕೆಂದೇ ಶಾರ್ಟ್ ತೋರಿಸಿ, ಸಂಬಳದಲ್ಲಿ ಮುರಿಸಿಕೊಂಡು, ಆ ಮೊತ್ತವನ್ನು ಕೆಲಸಕ್ಕಾಗಿ ಮಾಡಿದ ಖರ್ಚೆಂದು ಆದಾಯ ತೆರಿಗೆಯಲ್ಲಿ ಕಳೆಯುತ್ತಿದ್ದರು. ಆಡಳಿತವು ಗೊತ್ತಿದ್ದೂ ವರ್ಷಗಟ್ಟಲೆ ಅದಕ್ಕೆ ನೆರವಾಯಿತು ಎಂಬುದೇ ಆರೋಪ. ಹಲವು ಕ್ಲರ್ಕುಗಳು ತಪ್ಪೊಪ್ಪಿಕೊಂಡರು. ಸಂಸ್ಥೆ 30 ಲಕ್ಷ ಡಾಲರ್ ದಂಡ ಕಟ್ಟಿ, ಹೊರಗಿನ ಕಾವಲುಗಾರರನ್ನು ಒಪ್ಪಿಕೊಂಡು ಮೊಕದ್ದಮೆಯನ್ನು ಮುಂದೂಡಿಸಿಕೊಂಡಿತು. ಸರ್ಕಾರದ ತೆರಿಗೆಯಿಂದಲೂ ಪಾಲು ತೆಗೆಯಬಹುದೆಂಬ ಯೋಚನೆ ನಮ್ಮ ಸಾಲಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ತೆರಿಗೆ ಕಟ್ಟುವಷ್ಟು ಆದಾಯ ಯಾರಿಗಿತ್ತು, ಅದು ಬೇರೆ ಮಾತು.

ನ್ಯೂಯಾರ್ಕಿನ ಆ ಕಿಂಡಿಗಳಲ್ಲಿ ಕಂಪ್ಯೂಟರ್ ಇತ್ತು ಎನ್ನುವುದನ್ನು ಗಮನಿಸಬೇಕು. ನಮ್ಮಲ್ಲೂ ಕಂಪ್ಯೂಟರ್ ಬಂದಾಗ ಕಳ್ಳತನಕ್ಕೆ ಕೊನೆಯಾಯಿತು ಎಂದು ಹಿಗ್ಗಿದವರಿದ್ದರು. ಕಟ್ಟು, ಕಾರ್ಬನ್, ಓಡುಹುಡುಗ ಎಲ್ಲ ಮಾಯ. ಒಂದೇ ಕಿಂಡಿಯಲ್ಲಿ ಎಲ್ಲ ಬಗೆಯ ಬಾಜಿ: ವಿನ್, ಪ್ಲೇಸ್, ಫೋರ್‌ಕಾಸ್ಟ್, ಟನಾಲಾ, ಜಾಕ್‌ಪಾಟ್. ಪ್ರತಿ ಟಿಕೆಟ್ಟಿಗೂ ಹೊತ್ತು, ಕಿಂಡಿ, ಕ್ಲರ್ಕಿನ ಗುರುತು. ಯಂತ್ರವೇ ಟಿಕೆಟ್ ಓದಿ ಬಂತೋ ಇಲ್ಲವೋ ಹೇಳುವುದರಿಂದ ಮುದುಕನ ಟಿಕೆಟ್ ಬುಟ್ಟಿಗೆ ಎಸೆಯುವುದು ಕಷ್ಟವಾಯಿತು, ಅದೊಂದು ದೊಡ್ಡ ಲಾಭ ಎಂದು ನಾನು ಒಪ್ಪುತ್ತೇನೆ. ಆದರೆ ಯಂತ್ರಕ್ಕೆ ಡ್ರಾಯರಿನೊಳಗಿನ ನೋಟು ಕಾಣುವುದಿಲ್ಲ. ಹಣ ಇಸಿದುಕೊಳ್ಳದೆ ಟಿಕೆಟ್ ಒತ್ತಿದರೆ ಅದು ಸುಮ್ಮನೆ ಒತ್ತಿಕೊಡುತ್ತದೆ. ‘ನಂಬರು ತಪ್ಪಿ ಒತ್ತಿದೆ, ಗಿರಾಕಿ ಬಿಟ್ಟುಹೋದ’ ಎಂಬ ಹೊಸ ನೆಪವೊಂದು ಸಿಕ್ಕಿತು. ತಪ್ಪಿ ಒತ್ತಿದ ಟಿಕೆಟ್ಟಿನ ಹಣ ಕ್ಲರ್ಕ್ ಕಟ್ಟಬೇಕು, ಗೆದ್ದರೆ ಅದೂ ಅವನದೇ. ಕೆಲವರ ಬೆರಳು ಫೇವರಿಟ್ ಕುದುರೆಯ ಮೇಲೇ ಹೆಚ್ಚು ತಪ್ಪುತ್ತಿತ್ತು.

ಈಗಿನ ಕಾನೂನಿನ ಗಲಾಟೆಗಳಲ್ಲಿ ಕ್ಲರ್ಕ್ ಕಾಣಸಿಗುವುದು ಅಪರೂಪ. ಕುದುರೆ ರೇಸ್ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ಮದ್ರಾಸಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಅಷ್ಟು ಕೌಶಲವಿದ್ದೂ ನಮ್ಮ ಮೇಷ್ಟ್ರು ಬಡ್ಡಿಗೆ ತಂದದ್ದು ಹೇಗೆ ಎಂಬುದಕ್ಕೆ ತೀರ್ಪಿನಲ್ಲಿ ಉತ್ತರವಿಲ್ಲ. 2014ರಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ, ನೌಕರರ ವಿಮೆಯ ಇಎಸ್‌ಐ ಕಾಯ್ದೆಯ ಮಟ್ಟಿಗೆ ರೇಸ್ ಕ್ಲಬ್ಬೂ ಒಂದು ಅಂಗಡಿಯೇ ಎಂದಿತು. ಕಿಂಡಿಯವರ ಬದುಕಿಗೆ ನಿಜವಾಗಿ ಸಂಬಂಧಪಟ್ಟ ತೀರ್ಪು ಅದು, ಹಾಗಾಗಿ ಹೆಚ್ಚು ಜನರಿಗೆ ಗೊತ್ತಿಲ್ಲ. ಉಳಿದದ್ದೆಲ್ಲ ತೆರಿಗೆಯ ಜಗಳ: 2023ರ ಅಕ್ಟೋಬರಿನಿಂದ ಪಣದ ಪೂರ್ತಿ ಮೊತ್ತದ ಮೇಲೆ 28 ಪರ್ಸೆಂಟ್ ಜಿಎಸ್‌ಟಿ, 2025ರ ಸೆಪ್ಟೆಂಬರಿನಿಂದ 40 ಪರ್ಸೆಂಟ್. ಗೆಲ್ಲುವ ಮೊದಲೇ ಇಷ್ಟು ಹೋದರೆ ಕಿಂಡಿಯ ಮುಂದೆ ಯಾರು ನಿಲ್ಲುತ್ತಾರೆ? ಸಾಲು ತೆಳ್ಳಗಾಗಿದೆ.

ಈಚೆಗೆ ಹಳೆಯ ಪರಿಚಯದವರ ಮಗನೊಬ್ಬ ಸಿಕ್ಕಿದ್ದ. ಅವನೂ ರೇಸ್ ದಿನಗಳಲ್ಲಿ ಟೋಟ್ ಕಿಂಡಿಯಲ್ಲಿ ಕೂರುತ್ತಾನೆ. ಶಾರ್ಟ್ ಬಿದ್ದರೆ ಇವತ್ತಿಗೂ ಕೈಯಿಂದಲೇ ತುಂಬಬೇಕಂತೆ. ಆದರೆ ಗಲ್ಲಾ ಮುಟ್ಟುವುದು ದಡ್ಡರ ಕೆಲಸ ಎಂದ. ತಲೆಯ ಮೇಲೆ ಕ್ಯಾಮೆರಾ ಇದೆ, ಟೋಟ್‌ನಲ್ಲಿ ತೆರಿಗೆ ಕಳೆದು ಸಿಗುವುದೂ ಪುಡಿಗಾಸು. ‘ಹಾಗಾದರೆ ಆಡುವುದಿಲ್ಲವೇ?’ ಎಂದೆ. ನಕ್ಕು ಫೋನ್ ತೋರಿಸಿದ. ಹೊರಗಿನ ಬುಕ್ಕಿ, ಲೈಸೆನ್ಸು ಗೀಸೆನ್ಸು ಏನೂ ಇಲ್ಲದವನು. ಮೆಸೇಜ್ ಹಾಕಿದರೆ ಬಾಜಿ ಬರೆದುಕೊಳ್ಳುತ್ತಾನೆ. ಮುಂಗಡ ಕೇಳುವುದಿಲ್ಲ, ತೆರಿಗೆ ಇಲ್ಲ, ವಾರದ ಲೆಕ್ಕ ಸೋಮವಾರ.

‘ಸೋಮವಾರ ಕೊಡಲಾಗದಿದ್ದರೆ?’

‘ಮುಂದಿನ ಸೋಮವಾರ. ಆಮೇಲೆ ಮನೆಗೆ ಬರ್ತಾರೆ’ ಎಂದ. ಅವರಪ್ಪನ ಕಾಲದಲ್ಲಿ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು ಅಂತ ನಾನು ಹೇಳಿದಾಗ, ಹುಡುಗ ಅದನ್ನು ತುಂಬ ಒಳ್ಳೆಯ ಏರ್ಪಾಡು ಎಂಬಂತೆ ತಲೆದೂಗಿದ.