ಲೋಪದ ನೆಲೆ

ಕನ್ನಡ ವ್ಯಾಕರಣವನ್ನು ಕಲಿಯತೊಡಗಿದ ಬಾಲಕನು ಸಂಧಿಪ್ರಕರಣದಲ್ಲಿ ಲೋಪಸಂಧಿಯನ್ನು ಓದುತ್ತಾನೆ. ‘ಊರು’ ಎಂಬುದರ ಮುಂದೆ ‘ಅಲ್ಲಿ’ ಬಂದರೆ ನಡುವಣ ಉಕಾರವು ಅಡಗಿ ‘ಊರಲ್ಲಿ’ ಎಂದಾಗುತ್ತದೆ. ಸ್ವರ ಹೋದರೂ ಅರ್ಥ ಕೆಡುವುದಿಲ್ಲ. ಆದರೆ ಎಲ್ಲ ಲೋಪಗಳೂ ಹೀಗೆ ನಿರಪಾಯವಾದುವಲ್ಲ. ಮೋಟಾರು ಕಾರಿನ ಇಂಜಿನ್ನಿನಲ್ಲಿ ನಾಲ್ಕು ಸಲ ಉರಿಯಬೇಕಾದ ಇಂಧನವು ಮೂರು ಸಲ ಉರಿದು ಒಂದು ಸಲ ಸುಮ್ಮನಾದರೆ ಗ್ಯಾರೇಜಿನವರು ಅದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ಅದೂ ಒಂದು ಲೋಪವೇ. ಅದರ ನೆಲೆಯನ್ನು ಹುಡುಕುವ ಬಗೆಯನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒಮ್ಮೆ ಒದಗಿತು. ಶಾಸ್ತ್ರಾಭ್ಯಾಸದಲ್ಲಿ ಗ್ರಂಥಮುಖವಾಗಿ ಅರಿತಿದ್ದ ಯುಕ್ತಿಯೊಂದು ಅಲ್ಲಿ ಎಣ್ಣೆ ಮೆತ್ತಿದ ಕೈಗಳಲ್ಲಿ ಜೀವಂತವಾಗಿ ಕಂಡಿತಾದ ಕಾರಣ ಅದನ್ನು ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಅಣ್ಣನವರು 1986ರಲ್ಲಿ ಕೊಂಡ ಅಂಬಾಸಿಡರ್ ಕಾರು ನಮ್ಮ ಮನೆಯಲ್ಲಿ ಇಂದಿಗೂ ಇದೆ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಅಣ್ಣನವರು ತೀರಿಕೊಂಡ ತರುವಾಯ ಅತ್ತಿಗೆಯವರು ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಂಡು ಅದನ್ನು ಕಾಪಾಡಿಕೊಂಡು ಬಂದರು. ಕೆಲವು ವರ್ಷಗಳ ಹಿಂದೆ, ಆಷಾಢದ ಜಡಿಮಳೆಯ ದಿನಗಳಲ್ಲಿ, ಕಾರು ನಿಂತಲ್ಲೇ ನಡುಗತೊಡಗಿತು; ಏರು ಬಂದರೆ ಹತ್ತಲಾರದೆ ಸೋಲತೊಡಗಿತು. ಒಂದು ದೊಡ್ಡ ವರ್ಕ್‌ಷಾಪಿನವರು ಶಬ್ದವನ್ನಷ್ಟೇ ಕೇಳಿ, ವಾಲ್ವ್ ಸುಟ್ಟಿದೆ, ಇಂಜಿನ್ ಬಿಚ್ಚಲೇಬೇಕು ಎಂದು ತೀರ್ಪಿತ್ತರು. ಅವರು ಹೇಳಿದ ಖರ್ಚು ಕಾರಿನ ಬೆಲೆಯನ್ನೇ ಮೀರಿತ್ತು. “ಅವರ ಕಾರನ್ನ ಗುಜರಿಗೆ ಹಾಕೋ ಕಾಲ ಬಂತಲ್ಲಪ್ಪ” ಎಂದ ಅತ್ತಿಗೆಯವರು ಮುಖವನ್ನು ಅತ್ತ ತಿರುಗಿಸಿಕೊಂಡರು.

ಗುಜರಿಗೆ ಹಾಕುವ ಮುನ್ನ ಇನ್ನೊಬ್ಬರ ಅಭಿಪ್ರಾಯ ಕೇಳೋಣವೆಂದು, ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಯ ಬದಿಯಲ್ಲಿ ನಾಲ್ಕು ದಶಕ ಅಂಬಾಸಿಡರ್ ಕಾರುಗಳನ್ನೇ ದುರಸ್ತಿ ಮಾಡಿದ ವೃದ್ಧ ಸಾಬರೊಬ್ಬರ ಬಳಿಗೆ ಕಾರನ್ನು ಒಯ್ದೆವು. ಅವರು ಕೂಡಲೇ ಸ್ಪ್ಯಾನರ್ ಹಿಡಿಯಲಿಲ್ಲ. “ಮೇಷ್ಟ್ರೆ, ಯಾವಾಗ ಜಾಸ್ತಿ ಮಿಸ್ ಹೊಡೆಯುತ್ತೆ? ಬೆಳಿಗ್ಗೇನಾ, ಬಿಸಿ ಆದ ಮೇಲಾ?” ಎಂದು ಕೇಳಿದರು. ಬೆಳಗಿನ ತಂಪಿನಲ್ಲಿ, ಮಳೆಯಲ್ಲಿ ಹೆಚ್ಚು. ಇಂಜಿನ್ ಕಾದ ಮೇಲೆ ಕಡಿಮೆ ಎಂದೆ. ಅನಂತರ ಅವರು ಸೈಲೆನ್ಸರಿನ ಬಾಯಿಗೆ ಅಂಗೈಯೊಡ್ಡಿ ಕಣ್ಣು ಮುಚ್ಚಿ ನಿಂತರು. “ತಾಳ ತಪ್ಪಿದೆ. ಆದ್ರೆ ಒಂದೇ ಜಾಗದಲ್ಲಿ ತಪ್ತಾ ಇದೆ” ಎಂದರು.

ಈ ಮಾತಿನ ಮರ್ಮವನ್ನು ತುಸು ವಿವರಿಸಬೇಕು. ಆ ಇಂಜಿನ್ನಿನ ಅಳತೆ 1489 ಸಿಸಿ, ಸಿಲಿಂಡರುಗಳು ನಾಲ್ಕು. ಅವು ಉರಿಯುವ ಕ್ರಮ 1, 3, 4, 2. ಎರಡು ಸುತ್ತಿಗೊಮ್ಮೆ ಪ್ರತಿಯೊಂದು ಸಿಲಿಂಡರಿನ ಸರದಿ ಬರುತ್ತದೆ. ನಿಂತಾಗಿನ ವೇಗ ನಿಮಿಷಕ್ಕೆ 800 ಸುತ್ತು ಎಂದಿಟ್ಟುಕೊಂಡರೆ ಒಂದೊಂದೂ 400 ಸಲ, ಎಲ್ಲವೂ ಸೇರಿ 1600 ಸಲ ಉರಿಯಬೇಕು. ಷಟ್ಪದಿಯ ಪ್ರತಿ ಪಾದದಲ್ಲಿಯೂ ಅದೇ ಗಣ ಕೆಟ್ಟರೆ ಕಿವಿ ಹೇಗೆ ಅದನ್ನು ಹಿಡಿಯುವುದೋ ಹಾಗೆಯೇ ಕ್ರಮವರಿತು ಬರುವ ಲೋಪವನ್ನು ಅಂಗೈ ಹಿಡಿಯುತ್ತದೆ. ಲೋಪವು ಕ್ರಮವಾಗಿ ಬಂದರೆ ದೋಷ ಬಹುಮಟ್ಟಿಗೆ ಒಂದೇ ಸಿಲಿಂಡರಿನದು. ಅಕ್ರಮವಾಗಿ ಬಂದರೆ, ಎಲ್ಲಕ್ಕೂ ಸಾಧಾರಣವಾದ ಕಾರ್ಬ್ಯುರೇಟರ್, ಕಾಯಿಲ್, ಕಂಡೆನ್ಸರ್, ಪಾಯಿಂಟ್‌ಗಳನ್ನು ಶಂಕಿಸಬೇಕು.

ಸಿಲಿಂಡರಿನಲ್ಲಿ ಇಂಧನ ಉರಿಯಲು ಬೇಕಾದ ಕಾರಣಸಾಮಗ್ರಿ ಮೂರು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಅದನ್ನು ಅದುಮುವ ಒತ್ತಡ, ತಕ್ಕ ಕ್ಷಣಕ್ಕೆ ಹಾರುವ ಕಿಡಿ. ಮೂರರಲ್ಲಿ ಒಂದು ತಪ್ಪಿದರೂ ಕಾರ್ಯವಿಲ್ಲ. ಇವುಗಳಲ್ಲಿ ತಪ್ಪಿದುದು ಯಾವುದೆಂಬುದನ್ನು ನಮ್ಮ ಶಾಸ್ತ್ರಕಾರರು ಅನ್ವಯ-ವ್ಯತಿರೇಕಗಳೆಂದು ಕರೆದ ಯುಕ್ತಿಯಿಂದಲೇ ತಿಳಿಯಬೇಕು. ‘ಮರವನ್ನು’, ‘ಮರದಿಂದ’ ಎಂಬಲ್ಲಿ ಪ್ರತ್ಯಯ ಬದಲಾದರೂ ವೃಕ್ಷವೆಂಬ ಅರ್ಥ ಉಳಿಯುತ್ತದೆ. ‘ಕಲ್ಲನ್ನು’ ಎಂದೊಡನೆ ಆ ಅರ್ಥ ಹೋಗುತ್ತದೆ. ಆದುದರಿಂದ ಆ ಅರ್ಥಕ್ಕೆ ಆಶ್ರಯ ‘ಮರ’ ಎಂಬ ಪ್ರಕೃತಿಯೇ ಎಂದು ನಿರ್ಣಯಿಸುತ್ತೇವೆ.

ಸಾಬರು ಮಾಡಿದುದೂ ಇದನ್ನೇ. ಇಂಜಿನ್ ನಿಲ್ಲಿಸಿ ಒಂದನೆಯ ಪ್ಲಗ್ಗಿನ ವೈರನ್ನು ಕಳಚಿ, ಅದರ ತುದಿಯನ್ನು ಲೋಹಕ್ಕೆ ತಾಗಿಸಿಟ್ಟು ಮತ್ತೆ ಓಡಿಸಿದರು. ಶಬ್ದ ಇನ್ನಷ್ಟು ಕುಗ್ಗಿತು. ಅಂದರೆ ಆ ಸಿಲಿಂಡರ್ ಅದುವರೆಗೆ ದುಡಿಯುತ್ತಿತ್ತು. ಎರಡರಲ್ಲಿಯೂ ನಾಲ್ಕರಲ್ಲಿಯೂ ಹಾಗೆಯೇ ಆಯಿತು. ಮೂರನೆಯದನ್ನು ಕಳಚಿದಾಗ ಮಾತ್ರ ಯಾವ ವ್ಯತ್ಯಾಸವೂ ಆಗಲಿಲ್ಲ. ದುಡಿಯದವನು ಮನೆಯಲ್ಲಿದ್ದರೇನು, ಹೋದರೇನು! (ಇಲೆಕ್ಟ್ರಾನಿಕ್ ವ್ಯವಸ್ಥೆಯುಳ್ಳ ಇಂದಿನ ಕಾರುಗಳಲ್ಲಿ ಹೀಗೆ ವೈರು ಕಳಚಿ ನೋಡಿದರೆ ಬೆಲೆಯುಳ್ಳ ಭಾಗಗಳು ಕೆಡುವ ಸಂಭವವುಂಟು.)

ನೆಲೆ ಸಿಕ್ಕಿತು, ಕಾರಣ ಇನ್ನೂ ಸಿಕ್ಕಿರಲಿಲ್ಲ. ಮೂರನೆಯ ಪ್ಲಗ್ಗನ್ನು ಬಿಚ್ಚಿದರೆ ಅದು ಪೆಟ್ರೋಲಿನಲ್ಲಿ ತೊಯ್ದು ಕಪ್ಪಾಗಿತ್ತು. ಈ ಇಂಜಿನ್ನಿನಲ್ಲಿ 3 ಮತ್ತು 4ಕ್ಕೆ ಪೆಟ್ರೋಲು ಬರುವ ದಾರಿ ಒಂದೇ; ನಾಲ್ಕನೆಯದು ಚೆನ್ನಾಗಿಯೇ ಇತ್ತು. ಆದುದರಿಂದ ಇಂಧನದ ಮೇಲಣ ಸಂಶಯ ಹೋಯಿತು. ಎರಡನೆಯ ಪ್ಲಗ್ಗನ್ನು ಮೂರಕ್ಕೂ ಮೂರನೆಯದನ್ನು ಎರಡಕ್ಕೂ ಹಾಕಿದರು. ದೋಷವು ಪ್ಲಗ್ಗಿನ ಬೆನ್ನು ಹತ್ತಿ ಹೋಗದೆ ಮೂರರಲ್ಲಿಯೇ ಉಳಿಯಿತು, ಪ್ಲಗ್ಗು ನಿರಪರಾಧಿ. ಹೊಸ ವೈರು ಹಾಕಿದರೂ ಗುಣ ಕಾಣಲಿಲ್ಲ. ಗೇಜ್ ಇಟ್ಟು ನಾಲ್ಕರ ಒತ್ತಡವನ್ನೂ ಅಳೆದರು. ಎಲ್ಲವೂ ಹೆಚ್ಚುಕಡಿಮೆ ಸಮನಾಗಿತ್ತು. ವಾಲ್ವ್ ಸುಟ್ಟಿದ್ದರೆ ಮೂರರಲ್ಲಿ ಒತ್ತಡ ಕುಸಿದಿರಬೇಕಿತ್ತು. ದೊಡ್ಡ ವರ್ಕ್‌ಷಾಪಿನ ತೀರ್ಪು ಅಲ್ಲಿಗೆ ಬಿದ್ದುಹೋಯಿತು.

ಇನ್ನುಳಿದುದು ನಾಲ್ಕು ಪ್ಲಗ್ಗುಗಳಿಗೆ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ. ಸಾಬರು ಅದನ್ನು ಬಿಡಿಸಿ, ಬಟ್ಟೆಯಿಂದ ಒರೆಸಿ, ಒಳಮೈಯನ್ನು ಬೆಳಕಿಗೆ ಹಿಡಿದರು. ಮೂರನೆಯ ಕಂಬಿಯ ಬುಡದಿಂದ ಅಂಚಿನವರೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು, ಅದರ ಉದ್ದಕ್ಕೂ ಕರಿಯ ಗೆರೆ. ಆ ಗೆರೆಯ ಮೇಲೆ ತೇವ ಕೂತಾಗ ಕಿಡಿಯ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಅಡ್ಡದಾರಿ ಹಿಡಿದು ಇಂಜಿನ್ನಿನ ಮೈಗೆ ಹರಿಯುತ್ತಿತ್ತು. ಬೆಳಗಿನಲ್ಲಿ, ಮಳೆಯಲ್ಲಿ ಹೆಚ್ಚು ಎಂಬ ಮೊದಲ ಉತ್ತರದ ಅರ್ಥ ಆಗ ತಿಳಿಯಿತು. ಇದು ತಯಾರಕರ ತಪ್ಪಲ್ಲ, ವಯಸ್ಸಿನ ಧರ್ಮ. ಕೆಲವು ನೂರು ರೂಪಾಯಿಯ ಹೊಸ ಮುಚ್ಚಳದಿಂದ ಲೋಪ ಪರಿಹಾರವಾಯಿತು. ಅತ್ತಿಗೆಯವರು ಅಂದು ಅಣ್ಣನವರ ಕಾರಿನಲ್ಲಿಯೇ ಮನೆಗೆ ಮರಳಿದರು.

ಇಂದಿನ ಕಾರುಗಳಲ್ಲಿ ಈ ಶೋಧನೆಯ ಒಂದು ಪಾಲನ್ನು ಯಂತ್ರವೇ ಮಾಡುತ್ತದೆ. ಇಂಜಿನ್ನಿನ ತಿರುಗುವಿಕೆಯಲ್ಲಿ ಬರುವ ಸೂಕ್ಷ್ಮವಾದ ಏರಿಳಿತವನ್ನು ಗಣಿಸಿ ಮೂರನೆಯ ಸಿಲಿಂಡರ್ ತಪ್ಪಿದರೆ ‘ಪಿ 0303’ ಎಂಬ ಸಂಕೇತವನ್ನೂ, ಲೋಪಕ್ಕೆ ನಿಯತವಾದ ನೆಲೆಯಿಲ್ಲದಿದ್ದರೆ ‘ಪಿ 0300’ ಎಂಬುದನ್ನೂ ಕೊಡುತ್ತದೆ. ಆದರೆ ಆ ಸಂಕೇತ ಹೇಳುವುದು ನೆಲೆಯನ್ನು, ಕಾರಣವನ್ನಲ್ಲ. ಸಂಕೇತವನ್ನು ಓದಿದೊಡನೆ ಬಿಡಿಭಾಗಗಳನ್ನು ಒಂದಾದ ಮೇಲೊಂದು ಬದಲಿಸುವವನು ಹಣವನ್ನು ಕಳೆಯುತ್ತಾನೆ, ವಿದ್ಯೆಯನ್ನು ಗಳಿಸುವುದಿಲ್ಲ.

ಪಾಠ ಹೇಳುವ ನಮ್ಮ ಕೈಗೆ ವರ್ಷವರ್ಷವೂ ಬರುವ ಅಂಕಪಟ್ಟಿಯೂ ಇಂಥದೇ ಸಂಕೇತ. ಹುಡುಗ ಗಣಿತದಲ್ಲಿ ತಪ್ಪಿದನೆಂದು ಅದು ಹೇಳೀತು. ಕಣ್ಣು ಕಾಣದೆ ತಪ್ಪಿದನೋ, ಹಸಿದು ಬಂದು ತಪ್ಪಿದನೋ, ಹಿಂದಿನ ತರಗತಿಯ ಭಾಗಾಕಾರ ಬಾರದೆ ತಪ್ಪಿದನೋ ಹೇಳಲಾರದು. ಅವನನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿ ನೋಡಬೇಕು. ಒಂದು ವಾರ ಮಧ್ಯಾಹ್ನದ ಊಟದ ಮೇಲೆ ಕಣ್ಣಿಡಬೇಕು. ಹಳೆಯ ಲೆಕ್ಕವೊಂದನ್ನು ಕೊಟ್ಟು ನೋಡಬೇಕು. ಒಂದೊಂದನ್ನೇ ಬದಲಿಸಿ, ಬದಲಿಸಿದುದರ ಫಲವನ್ನು ಕಾದು ನೋಡಬೇಕು. ಇದಕ್ಕೆ ಬೇಕಾದುದು ಹೆಚ್ಚಿನ ಪಾಂಡಿತ್ಯವಲ್ಲ, ತಾಳ್ಮೆ. ‘ಇವನ ತಲೆಗೆ ಹತ್ತುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ಹುಡುಗನನ್ನು ಗುಜರಿಗೆ ಹಾಕುವ ಮೊದಲು ಅಷ್ಟನ್ನಾದರೂ ಮಾಡುವುದು ನಮ್ಮ ಮೇಲಿರುವ ಋಣ.