ಅಥಣಿಯ ಚಪ್ಪಲಿ

ಕಳೆದ ವರ್ಷ ನಮ್ಮ ಕಿರಿಯ ಮಗಳ ಪಾದದಲ್ಲಿ ತುರಿಕೆಯ ಗುಳ್ಳೆಗಳೆದ್ದುವು. ಹೊಸ ಪಾದರಕ್ಷೆಯ ಅಂಟೇ ಕಾರಣವೆಂದರು ವೈದ್ಯರು. ಶಾಲೆಯಲ್ಲಿ ಆರೋಗ್ಯದ ಪಾಠ ಹೇಳುವ ನಾವು ಮನೆಯಲ್ಲಿ ಹೊಳಪಿಗೆ ಮರುಳಾಗಿದ್ದೆವು!

ಬಳಿಕ ಬೆಳಗಾವಿ ಜಿಲ್ಲೆಯ ಅಥಣಿಯಿಂದ ಮನೆಮಂದಿಗೆಲ್ಲ ಕೊಲ್ಹಾಪುರಿ ಚಪ್ಪಲಿಗಳನ್ನು ತರಿಸಿದೆವು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಿದ ತೊಗಲು, ತೊಗಲಿನೆಳೆಯದೇ ಹೊಲಿಗೆ, ಮೊಳೆಯಿಲ್ಲ, ಬೇಡದ ಅಲಂಕಾರವಿಲ್ಲ. ಮೊದಲ ವಾರ ಕಚ್ಚಿದರೂ ಆಮೇಲೆ ಪಾದಕ್ಕೊಗ್ಗಿದುವು. ಮಗಳ ಗುಳ್ಳೆಗಳು ಮರುಕಳಿಸಲಿಲ್ಲ. ನಮ್ಮ ಕಾಸರಗೋಡಿನ ಮಳೆಗೆ ಮಾತ್ರ ಅವು ಸಲ್ಲವು. ಆಟಿಯಲ್ಲಿ ಒಲೆಯ ಮೇಲಣ ಅಟ್ಟವೇ ಅವಕ್ಕೆ ಆಶ್ರಯ.

2019ರಲ್ಲಿ ಈ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದ ಮನ್ನಣೆ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಕರ್ನಾಟಕದ 4 ಜಿಲ್ಲೆಗಳಿಗೂ ಸಂದಿದೆ. ಹೆಸರು ಗಡಿಯಾಚೆಯದಾದರೂ ನಮ್ಮವನ್ನು ಹೊಲಿದ ಕೈ ಕನ್ನಡದ್ದು. ಗಡಿನಾಡಿನವರಾದ ನಾವು ಆ ಕೈಗೆ ಸಲ್ಲುವ ಬೆಲೆಯಲ್ಲಿ ಚೌಕಾಸಿ ಮಾಡಲಾರೆವು.